ಒಂದನೇ ಕ್ಲಾಸಿನ ಗಟ್ಟಿ ದನಿ

ನಾನು ಒಂದನೇ ಕ್ಲಾಸಿನ ಟೀಚರ್. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಗಿಡ್ಡ ಕುರ್ಚಿಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳ್ತಾರೆ, ಸುಳ್ಳೇನಲ್ಲ. ಎರಡನೇ ಕ್ಲಾಸಿನ ಮೇಷ್ಟ್ರು ಬಂದು, "ನಿಮ್ಮ ಚೂಟಿಗೆ ಓದೋಕೇ ಬರಲ್ಲ ಮೇಡಂ" ಅಂದಾಗ ಮೈಯೆಲ್ಲ ಉರಿದುಹೋಯ್ತು.

ಚೂಟಿ ಅಂತ ಹೆಸರಿಟ್ಟವಳೇ ನಾನು. ಹೋದ ವರ್ಷ ನನ್ನ ಕ್ಲಾಸಲ್ಲಿ ಎಲ್ಲರೂ ಒಟ್ಟಿಗೆ ಪಾಠ ಓದುವಾಗ ಆ ಹುಡುಗಿಯ ದನಿಯೇ ಮುಂದೆ. ಓದಿನಲ್ಲಿ ಪೂರ್ತಿ ಅಂಕ ಕೊಟ್ಟು ಎರಡನೇ ಕ್ಲಾಸಿಗೆ ಕಳಿಸಿದ್ದೆ.

"ನಿಮಗೆ ಕಲಿಸೋಕೆ ಬರ್ತಿಲ್ಲ ಅಂತ ಹೇಳಿ" ಅಂದೆ.

ಮೇಷ್ಟ್ರು ತಣ್ಣಗಿನ ಮನುಷ್ಯ. "ನನ್ನ ಕ್ಲಾಸಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಓದಬೇಕಲ್ವಾ? ಇವಳು ನಿಲ್ತಾಳೆ, ಬಾಯಿ ಬಿಡಲ್ಲ. ತಿಂಗಳ ಕೊನೆಗೆ ಹೊಸ ಪುಸ್ತಕ ಕೊಟ್ಟು ಓದಿಸ್ತೀನಿ. ಆಗಲೂ ಬರದಿದ್ರೆ ವಾಪಸ್ ನಿಮ್ಮ ಕ್ಲಾಸಿಗೆ."

ನನ್ನ ಕ್ಲಾಸಲ್ಲಿ ಈಗ ಅವಳ ತಂಗಿ ಇದ್ದಾಳೆ. ತಂಗಿ ಪಕ್ಕ ಕೂತು ಮತ್ತೆ ಅದೇ ಪಾಠ ಅಂದ್ರೆ ಆ ಮಗು ನಾಚಿಕೆಯಿಂದ ಹಿಡಿಯಾಗಿಬಿಡುತ್ತೆ.

ಊಟದ ಬಿಡುವಲ್ಲಿ ಚೂಟಿಯನ್ನ ಕರೆದು ಒಂದನೇ ಕ್ಲಾಸಿನ ಪುಸ್ತಕವನ್ನೇ ಕೈಗೆ ಕೊಟ್ಟೆ. ಪಟಪಟ ಅಂತ ಶುರು ಮಾಡಿದಳು. ಬೀಗುತ್ತಾ ಮೇಷ್ಟ್ರನ್ನ ಕರೆಯೋಕೆ ಏಳ್ತೀನಿ, ಇವಳು ಪುಟ ತಿರುಗಿಸೋದನ್ನೇ ಮರೆತಿದ್ದಾಳೆ. ಅವಳ ಬಾಯಲ್ಲಿ ಪಾಠದ ಬಾತುಕೋಳಿ ಆಗಲೇ ಕೆರೆ ದಾಟಿತ್ತು, ಪುಟದಲ್ಲಿ ಇನ್ನೂ ದಡದಲ್ಲೇ ಇತ್ತು. ಮಧ್ಯದ ಒಂದು ಪದ ತೋರಿಸಿ "ಇದೇನು?" ಅಂದೆ. ಮೊದಲ ಸಾಲಿನಿಂದ ಗುನುಗುತ್ತಾ, ಒಂದೊಂದೇ ಪದಕ್ಕೆ ಬೆರಳಿಡ್ತಾ ಅಲ್ಲಿಗೆ ಬರೋಕೆ ನೋಡಿದಳು. ಎಲ್ಲೋ ತಪ್ಪಿತು. ಕಣ್ಣು ತುಂಬಿಕೊಂಡಿತು.

ಹೋದ ವರ್ಷ ಪೂರ್ತಿ ಪ್ರತಿ ಸಾಲನ್ನೂ ಮೊದಲು ನಾನು ಹೇಳ್ತಿದ್ದೆ, ನನ್ನ ಹಿಂದೆ ಮೂವತ್ತು ಬಾಯಿ ಹೇಳ್ತಿದ್ವು. ಯಾರು ಓದ್ತಿದ್ದಾರೆ, ಯಾರು ಬರೀ ಕೇಳಿ ಹೇಳ್ತಿದ್ದಾರೆ ಅಂತ ಒಂದು ದಿನವಾದ್ರೂ ನೋಡಿದ್ನಾ? ದನಿ ಗಟ್ಟಿಯಾಗಿದ್ರೆ ನನಗೆ ಪಾಠ ಮುಗೀತು. ಯಾರಾದ್ರೂ ತಡವರಿಸಿದ್ರೆ ಮುಖ ಗಂಟು ಹಾಕ್ಕೊಳ್ತಿದ್ದೆ.

ಮೇಷ್ಟ್ರ ಹತ್ತಿರ ಹೋಗಿ "ತಪ್ಪು ನಂದೇ" ಅಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವರೇ ಗಾಬರಿಯಾದ್ರು.

ಆಮೇಲೆ ಮೂರು ವಾರ ಊಟದ ಬಿಡುವಲ್ಲಿ ನಾವಿಬ್ಬರೇ. ಬಿಸ್ಕತ್ ಪೊಟ್ಟಣ, ಹಳೇ ಪೇಪರ್, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸಿದೆ. ಎರಡು ಸಲ ರೇಗಿದೆ ಕೂಡ. ಎರಡನೇ ಸಲ ಅವಳು ಹೋಗಿ ಮೇಜಿನ ಕೆಳಗೆ ಕೂತಳು. ಮಂಡಿನೋವು ಇಟ್ಕೊಂಡು ನಾನೂ ಕೆಳಗೆ ತೂರಿ ಕೂತೆ, ಅವತ್ತಿನ ಪಾಠ ಅಲ್ಲೇ ಆಯ್ತು.

ತಿಂಗಳ ಕೊನೆ ಬಂತು. ಮೇಷ್ಟ್ರು ಹೊಸ ಪುಸ್ತಕದ ಮಧ್ಯದ ಪುಟ ತೆಗೆದು ಕೊಟ್ಟರು, ನಾನು ಬಾಗಿಲಲ್ಲಿ ನಿಂತಿದ್ದೆ. "ಬೆಕ್ಕು... ಕಿಟಕಿ... ಹತ್ತಿ..." ಕುಂಟುತ್ತಾ ಹೋದಳು. ಮುಂದಿನ ಪದಕ್ಕೆ ನಿಂತುಬಿಟ್ಟಳು. ಆ ಪದ ನನ್ನ ನಾಲಿಗೆ ತುದಿಗೇ ಬಂದಿತ್ತು, ತುಟಿ ಕಚ್ಚಿ ಹಿಡಿದೆ.

ಚೂಟಿ ತಲೆ ಎತ್ತಿದಳು. "ಸರ್, ಇದು ನನಗೆ ಬರಲ್ಲ. ಹೇಳ್ಕೊಡ್ತೀರಾ?"

ಮೇಷ್ಟ್ರು ಹೇಳಿಕೊಟ್ಟರು. ಅವಳು ಉಳಿದ ಸಾಲನ್ನ ತಾನೇ ಓದಿ ಮುಗಿಸಿದಳು. "ಇಲ್ಲೇ ಇರಲಿ ಬಿಡಿ ಮೇಡಂ" ಅಂದ್ರು ಅವರು.

ನನಗೆ ಸಂತೋಷ ಆಯ್ತು, ಆಗದೆ ಏನು. ಆದ್ರೆ ನನ್ನ ಕ್ಲಾಸಲ್ಲಿದ್ದ ಇಡೀ ವರ್ಷದಲ್ಲಿ ಅವಳು ಒಂದು ಸಲವೂ ಬರಲ್ಲ ಅಂದಿರಲಿಲ್ಲ. ನನಗೆ ಹೆದರಿದ್ದಳು.