ಮಾದಪ್ಪ ಒಪ್ಪದ ಪಿಸ್ತೂಲು

ನಮ್ಮ ಯಜಮಾನರು ಸಿದ್ದಲಿಂಗಯ್ಯನವರಿಗೆ ಪಿಸ್ತೂಲು ತೆಗೆದುಕೊಳ್ಳಿ ಎಂದು ದುಂಬಾಲು ಬಿದ್ದವಳು ನಾನೇ. ಅಮೆರಿಕದ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ನಮ್ಮದೊಂದು ಒಡವೆ ಅಂಗಡಿ. ದಿನಾ ಅಂಗಡಿ ಮುಚ್ಚಿ, ಒಡವೆ ಚೀಲ ಹಿಡಿದು ಎರಡು ಬೀದಿ ಆಚೆಯ ಬ್ಯಾಂಕಿನ ಲಾಕರಿಗೆ ಅವರೊಬ್ಬರೇ ನಡೆದು ಹೋಗಬೇಕು. ಎಂಬತ್ತೆಂಟರ ಬೇಸಿಗೆಯಲ್ಲಿ ಯಾವನೋ ಅವರನ್ನು ತಳ್ಳಿ ಚೀಲ ಕಿತ್ತುಕೊಂಡು ಓಡಿದ. ಅಂದಿನಿಂದ ಇವರು ಅಂಗಡಿ ಮಾರಿಬಿಡೋಣ ಎನ್ನತೊಡಗಿದರು. ಹನ್ನೆರಡು ವರ್ಷ ಬೆವರು ಸುರಿಸಿ ಕಟ್ಟಿದ ಅಂಗಡಿ! ನನ್ನ ಹೊಟ್ಟೆ ಉರಿಯಿತು. ಗಂಡಸಾಗಿ ಹೆದರುತ್ತೀರಲ್ಲ ಎಂದು ಬಾಯಿಗೆ ಬಂದಂತೆ ಬೈದು, ಪರ್ಮಿಟ್ಟಿಗೆ ಅರ್ಜಿ ಹಾಕಿಸಿದೆ.

ಪರ್ಮಿಟ್ಟು ಬಂದ ಮೇಲೆ ಶುರುವಾಯಿತು ನೋಡಿ, ಗುಂಡಿನ ಅಳತೆಯ ಪುರಾಣ. ಥರ್ಟಿ-ಎಯ್ಟ್ ರಿವಾಲ್ವರ್ ಕೋಟಿನೊಳಗೆ ಬಚ್ಚಿಡಲು ಸುಲಭ, ಆದರೆ ಐದೇ ಗುಂಡು. ನೈನ್ ಎಂಎಂನಲ್ಲಿ ಗುಂಡು ಜಾಸ್ತಿ, ಆದರೆ ಹೊಡೆಯುವಾಗ ಗುಂಡು ನಡುವೆ ಸಿಕ್ಕಿಹಾಕಿಕೊಂಡರೆ ಗತಿಯೇನು? ಫಾರ್ಟಿ-ಫೈವ್ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದರ ಭಾರಕ್ಕೆ ಪ್ಯಾಂಟೇ ಜಾರುತ್ತದೆ. ಮೊದಲು ಇಂಜಿನಿಯರಾಗಿದ್ದವರು, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದದ್ದೇ ಎಳೆದದ್ದು. ಎರಡು ತಿಂಗಳು ಹೋಯಿತು. ನನ್ನನ್ನು ಒಪ್ಪುವುದಕ್ಕೂ ಇವರು ಇಷ್ಟು ಯೋಚಿಸಿರಲಿಲ್ಲ.

ರೋಸಿಹೋಗಿ, ಮನೆದೇವರು ಮಾದಪ್ಪನ ಹತ್ತಿರ ಹೂ ಕೇಳಿಬಿಡೋಣ ಎಂದೆ. ಪಟದ ಎರಡೂ ಬದಿಗೆ ಹೂ ಏರಿಸಿ ಕೇಳುವುದು. ಬಲಗಡೆಯದು ಬಿದ್ದರೆ ದೇವರು ಒಪ್ಪಿದ, ಎಡಗಡೆಯದು ಬಿದ್ದರೆ ಬೇಡವೆಂದ. ಎಂದೂ ಪೂಜೆಯ ತಂಟೆಗೆ ಬಾರದವರು ಆ ಸೋಮವಾರ ನನಗಿಂತ ಮುಂಚೆ ಮಿಂದು, ತಾವೇ ಮೂರು ಮೂರು ಗುಲಾಬಿ ಏರಿಸಿದ್ದರು.

ಥರ್ಟಿ-ಎಯ್ಟ್ ಆಗಬಹುದೇ ಎಂದು ಕೇಳಿದೆ. ಎಡಗಡೆಯ ಹೂ ಬಿತ್ತು. ನೈನ್ ಎಂಎಂಗೂ ಎಡ. ಫಾರ್ಟಿ-ಫೈವ್‌ಗೂ ಎಡವೇ. ಮಾದಪ್ಪನೇ ಬೇಡ ಅಂದಮೇಲೆ ಏನು ಮಾಡೋಕಾಗುತ್ತೆ ಎಂದು ಯಜಮಾನರು ಕಾಫಿ ಕೇಳಿದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು.

ಸಂಜೆ ಬಾಡಿದ ಹೂ ತೆಗೆಯಲು ಹೋದರೆ ಬಲಗಡೆಯವು ಜಪ್ಪಯ್ಯ ಅಂದರೂ ಬರಲಿಲ್ಲ. ನೋಡಿದರೆ ಹಿಂದೆ ಟೇಪು ಅಂಟಿಸಿದೆ. ದೇವರಿಗೇ ಟೋಪಿ ಹಾಕಿದ ಭೂಪ! ಸಿಟ್ಟು ನೆತ್ತಿಗೇರಿ, ಟೇಪು ಹಿಡಿದು ಅವರೆದುರು ನಿಂತೆ.

ಅವರು ತಲೆ ತಗ್ಗಿಸಿದರು. "ಇನ್ನೊಬ್ಬ ಮನುಷ್ಯನಿಗೆ ಗುಂಡು ಹೊಡೆಯೋಕೆ ನನ್ ಕೈಲಿ ಆಗಲ್ಲ ಕಣೇ ರೇಣು. ಅದನ್ನ ನಿನ್ ಹತ್ರ ಹೇಳೋಕೆ ಕಳ್ಳನಿಗಿಂತ ಭಯ ಆಯ್ತು."

ಸಿಟ್ಟು ಅಲ್ಲೇ ಇಳಿಯಿತು. ಕಟ್ಟಿಕೊಂಡವರನ್ನು ಇಷ್ಟು ಹೆದರಿಸಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು, ನಗುವೂ ಬಂತು.

ಮರುದಿನ ಅಂಗಡಿ ಮುಚ್ಚುವ ಹೊತ್ತಿಗೆ ಕೋಟು ಹಾಕಿಕೊಂಡು ಹೋಗಿ ನಿಂತೆ. ಚೀಲದ ಒಂದು ಹಿಡಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಯಾವನಾದ್ರೂ ಬಂದ್ರೆ?" ಎಂದರು.

"ಬರಲಿ. ನೀವು ಸುಮ್ನಿರಿ, ನಾನು ಬೈತೀನಿ."

ಅವರು ಬೀದಿಯಲ್ಲೇ ನಿಂತು ಗಟ್ಟಿಯಾಗಿ ನಕ್ಕರು. ಅಂಗಡಿ ಮಾರುವ ಮಾತು ಮತ್ತೆ ಬರಲಿಲ್ಲ.