ಪ್ಯಾರೀಸ್ ಕಾರ್ನರಿನಲ್ಲಿ ಬಸ್ ಬದಲಿಸುವುದು

ಕಾಂತಪ್ಪನ ಕಣ್ಣು ಮಸುಕಾಗುತ್ತಿರುವುದು ಹೆಂಡತಿ ಸುಗುಣಾಗೆ ಮಾತ್ರ ಗೊತ್ತಿತ್ತು. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಎಗ್ಮೋರಿನ ಹೋಟೆಲಿನಲ್ಲಿ ಅವನು ಈ ವಿಷಯ ಬಾಯಿಬಿಟ್ಟಿರಲಿಲ್ಲ. ಉಡುಪಿ ಕಡೆಯಿಂದ ಈ ತಮಿಳು ನಗರಕ್ಕೆ ಬಂದ ಮೇಲೆ ಇಪ್ಪತ್ತೆಂಟು ವರ್ಷ ಅಲ್ಲಿ ಹಿಟ್ಟು ರುಬ್ಬಿದವನು. ಉದ್ದು ಹದಕ್ಕೆ ಬಂತೇ ಎಂದು ತಿಳಿಯಲು ಅವನಿಗೆ ಎರಡು ಬೆರಳು ಸಾಕಿತ್ತು.

ದಾರಿಯೂ ಕಷ್ಟವಾಗಿರಲಿಲ್ಲ. ಮಣಲಿಯ ಅವನ ಬೀದಿಯ ತುದಿಗೆ ಬರುತ್ತಿದ್ದದ್ದು ಒಂದೇ ಬಸ್ಸು, ಅದು ನೇರ ಎಗ್ಮೋರಿಗೆ ಹೋಗುತ್ತಿತ್ತು. ಬೋರ್ಡು ಓದುವ ಅಗತ್ಯವೇ ಇರಲಿಲ್ಲ.

ಜನವರಿಯಲ್ಲಿ ಹೊಸ ಟಿಕೆಟ್ ಬಂತು. ಒಮ್ಮೆ ತೆಗೆದರೆ ಎಪ್ಪತ್ತೈದು ನಿಮಿಷದೊಳಗೆ ಎಷ್ಟು ಬಸ್ಸು ಬೇಕಾದರೂ ಬದಲಿಸಬಹುದು. ಮಗಳು ವೀಕ್ಷಾ ಫೋನಿನಲ್ಲಿ ಓದಿ, "ಸೂಪರ್ ಪ್ಪಾ!" ಎಂದಳು. ಮುಂದಿನ ತಿಂಗಳು ನೇರ ಬಸ್ಸು ನಡುದಾರಿಯ ಪ್ಯಾರೀಸ್ ಕಾರ್ನರಿನವರೆಗೆ ಮಾತ್ರ, ಅಲ್ಲಿಂದ ಎಗ್ಮೋರಿಗೆ ಬೇರೆ ಬಸ್ಸು ಎಂದಾಯಿತು. ಈಗ ಬದಲಿಸುವುದಕ್ಕೆ ಬೇರೆ ಟಿಕೆಟ್ ಬೇಡವಲ್ಲ, ಮತ್ತೆ ಅಷ್ಟುದ್ದ ಓಡಿಸುವುದು ಯಾಕೆ ಎಂದರಂತೆ ಬಸ್ಸಿನವರು.

"ಪ್ಯಾರೀಸಿನವರೆಗೆ ನಾನು ಒಟ್ಟಿಗೆ ಬರ್ತೇನೆ," ಎಂದಳು ಸುಗುಣಾ. ಅವಳು ಅಲ್ಲೇ ಮಣಲಿಯ ಒಂದು ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು.

"ನಿನ್ನ ಕೆಲಸ ಎಂತ ಆಗುದು? ಬಾಯಿ ಉಂಟಲ್ಲ ನಂಗೆ. ಕೇಳಿ ಹತ್ತುತ್ತೇನೆ."

ಕೇಳಿದರೆ ಜನ ಹೇಳುತ್ತಿದ್ದರು, ಆದರೆ ಹೆಚ್ಚಿನವರು ಕೈ ತೋರಿಸಿ ಹೇಳುತ್ತಿದ್ದರು. ಆ ಕೈ ಯಾವ ಕಡೆಗಿದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಪ್ಯಾರೀಸಿನಲ್ಲಿ ಸಾಲಾಗಿ ನಿಂತ ಬಸ್ಸುಗಳೆಲ್ಲ ಅವನ ಪಾಲಿಗೆ ದೊಡ್ಡ ಬಣ್ಣದ ಗೋಡೆಗಳು. ಆದರೂ ಮೂರು ವಾರ ಹೇಗೋ ಕಳೆದ.

ಒಂದು ಗುರುವಾರ ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ನಡುವೆ ಬಸ್ಸು ಸಿಕ್ಕಿಬಿದ್ದು, ಪ್ಯಾರೀಸ್ ತಲುಪುವಾಗಲೇ ಒಂದು ಗಂಟೆ ದಾಟಿತ್ತು. ಟಿಕೆಟಿನ ಹೊತ್ತು ಮೀರುತ್ತದೆಂಬ ಗಡಿಬಿಡಿಯಲ್ಲಿ ಯಾರನ್ನೂ ಕೇಳದೆ ಜನ ನುಗ್ಗಿದ ಕಡೆ ತಾನೂ ನುಗ್ಗಿದ. ಬಸ್ಸು ಒಂದಿಷ್ಟು ದೂರ ಹೋದ ಮೇಲೆ ಕಂಡಕ್ಟರ್ ಟಿಕೆಟನ್ನು ಮೆಷಿನ್ನಿಗೆ ಹಿಡಿದ. ಅದು ಕಿರ್ರೆಂದಿತು.

"ಟೈಮ್ ಮುಗಿದು ನಾಲ್ಕು ನಿಮಿಷ ಆಯ್ತು," ಎಂದ ಅವನು ತಮಿಳಿನಲ್ಲಿ. "ಎಲ್ಲಿಗೆ ಹೋಗಬೇಕು?"

"ಎಗ್ಮೋರ್."

"ಇದು ಎಗ್ಮೋರಿಗೆ ಹೋಗುವುದೇ ಇಲ್ಲ. ಬೋರ್ಡು ನೋಡಿ ಹತ್ತಬಾರದಾ?"

"ತೆರಿಯಲ ತಂಬಿ," ಎಂದ ಕಾಂತಪ್ಪ. ಹೊರಗಿನವರೊಬ್ಬರಿಗೆ ಅವನು ಕಣ್ಣು ಕಾಣುವುದಿಲ್ಲವೆಂದು ಹೇಳಿದ್ದು ಅದೇ ಮೊದಲು. ಆದರೆ ತಮಿಳಿನಲ್ಲಿ ಆ ಮಾತಿಗೆ ಕಾಣಿಸುವುದಿಲ್ಲ ಎಂಬ ಅರ್ಥವೂ ಉಂಟು, ಗೊತ್ತಿಲ್ಲ ಎಂಬ ಅರ್ಥವೂ ಉಂಟು. ಕಂಡಕ್ಟರ್ ಎರಡನೆಯದನ್ನು ಹಿಡಿದ.

"ಗೊತ್ತಿಲ್ಲದಿದ್ದರೆ ಕೇಳಬೇಕು," ಎಂದು ಸೀಟಿ ಊದಿ ಮುಂದಿನ ಸ್ಟಾಪಿನಲ್ಲಿ ಇಳಿಸಿದ.

ಅದು ಯಾವ ರಸ್ತೆಯೆಂದು ಕಾಂತಪ್ಪನಿಗೆ ತಿಳಿಯಲಿಲ್ಲ. ಸದ್ದು ಕೇಳಿ ದಾಟಲು ಹೋದವನನ್ನು ಒಂದು ಬೈಕು ಸವರಿಕೊಂಡು ಹೋಯಿತು. ಬಿದ್ದು ಮೊಣಕೈ ತರಚಿತು. ಹಣ್ಣಿನ ಗಾಡಿಯ ಹೆಂಗಸೊಬ್ಬಳು ಅವನನ್ನು ನೆರಳಿನಲ್ಲಿ ಕೂರಿಸಿ, ಅವನದೇ ಫೋನಿನಿಂದ ಹೋಟೆಲಿಗೆ ಕರೆ ಮಾಡಿದಳು. ಸಪ್ಲೈಯರ್ ಮಂಜುನಾಥ್ ಆಟೋದಲ್ಲಿ ಬಂದು ಎದುರಿಗೇ ನಿಂತ. ಅವನು ಮಾತಾಡುವ ತನಕ ಕಾಂತಪ್ಪನಿಗೆ ಗುರುತಾಗಲಿಲ್ಲ. ಮಂಜುನಾಥನಿಗೆ ಎಲ್ಲ ಅರ್ಥವಾಯಿತು.

ಹೋಟೆಲಿನ ಮಾಲೀಕ ಗಿರಿಧರ್ ಚಿಕ್ಕ ವಯಸ್ಸಿನವನು, ಕಾಂತಪ್ಪನ ಕಣ್ಣೆದುರಿಗೇ ಬೆಳೆದವನು. ಮೊದಲು ಗಾಯ ತೊಳೆಸಿದ, ಆಮೇಲೆ ಕೇಳಿದ.

"ಎಷ್ಟು ಸಮಯದಿಂದ ಹೀಗೆ, ಕಾಂತಣ್ಣ?"

"ಎರಡು ವರ್ಷ ಆಯ್ತು. ಹಿಟ್ಟಿಗೆ ಎಂತ ತೊಂದರೆಯೂ ಆಗ್ಲಿಲ್ಲ."

"ಹಿಟ್ಟಿನ ಮಾತಲ್ಲ. ತಿರುಗುವ ಗ್ರೈಂಡರಿಗೆ ಕೈ ಹಾಕ್ತೀರಿ ನೀವು. ನಾಳೆ ಹೆಚ್ಚುಕಡಿಮೆ ಆದ್ರೆ ಸುಗುಣಕ್ಕನಿಗೆ ನಾನು ಎಂತ ಹೇಳ್ಲಿ?"

ಗಿರಿಧರ್ ಬೈದಿದ್ದರೆ ಕಾಂತಪ್ಪ ಜಗಳವಾದರೂ ಮಾಡುತ್ತಿದ್ದ. ಮರುದಿನದಿಂದ ಅವನು ಕೆಲಸಕ್ಕೆ ಹೋಗಲಿಲ್ಲ.

ಹದಿನೈದು ದಿನದ ಮೇಲೆ ಅದೇ ಹೋಟೆಲಿನಲ್ಲಿ ಸುಗುಣಾಗೆ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು. ಶೆಡ್ಡಿಗಿಂತ ಸಂಬಳ ಹೆಚ್ಚು. ಮೊದಲ ದಿನ ಸಂಜೆ ಬಂದವಳೇ ಕಾಲು ತೊಳೆಯುತ್ತ, "ಆ ಟಿಕೆಟ್ ಒಳ್ಳೇದೇ ಉಂಟು ಇವ್ರೇ. ಇಳಿದು ಅಲ್ಲೇ ಇನ್ನೊಂದು ಬಸ್ಸು ಹತ್ತಿದೆ, ಎಷ್ಟು ಸುಲಭ," ಎಂದಳು. ಹೇಳಿದ ಮೇಲೆ ಯಾರಿಗೆ ಹೇಳುತ್ತಿದ್ದೇನೆಂದು ನೆನಪಾಗಿ ನಲ್ಲಿ ನಿಲ್ಲಿಸಿದಳು.

ಕಾಂತಪ್ಪ ಗೋಡೆಗೆ ಒರಗಿ ಕೂತಿದ್ದ. "ಹಿಟ್ಟು ಯಾರು ರುಬ್ಬುದು ಈಗ?" ಎಂದ.

"ಮಂಜುನಾಥ."

"ಅವ ನೀರು ಜಾಸ್ತಿ ಹಾಕ್ತಾನೆ. ಸ್ವಲ್ಪ ಸ್ವಲ್ಪ ಚಿಮುಕಿಸ್ಬೇಕು ಅಂತ ಹೇಳು ನಾಳೆ."

"ಹೇಳ್ತೇನೆ."

ಮರುದಿನ ಅವಳು ಹೇಳಿದಳು. ಮಂಜುನಾಥ್ ನಕ್ಕು, ಎಷ್ಟು ನೀರು ಹಾಕಬೇಕೆಂದು ಈಗ ಪಾತ್ರೆಗೇ ಗೆರೆ ಎಳೆದಿಟ್ಟಿದ್ದೇವೆ ಅಕ್ಕ ಎಂದ. ಮನೆಗೆ ಬಂದು ಇದನ್ನು ಹೇಗೆ ಹೇಳುವುದೆಂದು ಅವಳು ಬಸ್ಸಿನುದ್ದಕ್ಕೂ ಯೋಚಿಸಿದಳು. ಆ ಸಂಜೆ ಕಾಂತಪ್ಪ ಹಿಟ್ಟಿನ ವಿಷಯ ಕೇಳಲೇ ಇಲ್ಲ.