ಅಣ್ಣಯ್ಯಪ್ಪನವರಿಗೊಂದು ಜಾಗ

"ಬೇಲಿ ಪಕ್ಕ ಬೇಡ ಕಣ್ಲಾ, ನಮ್ಮಪ್ಪನ ಗುಡ್ಡೆ ಐತಲ್ಲ, ಅದರ ಮಗ್ಗುಲಿಗೇ ತೆಗೀರಿ. ಮಧ್ಯಾಹ್ನದೊತ್ತಿಗೆ ತಂದ್ಬುಡ್ತೀವಿ," ಎಂದು ತಿಪ್ಪಯ್ಯ ನಡುಮನೆಯ ಕಿಟಕಿಗೆ ಮುಖ ಕೊಟ್ಟು ಫೋನಿನಲ್ಲಿ ಕೂಗುತ್ತಿದ್ದರು. ಫೋನು ಇಲ್ಲದಿದ್ದರೂ ಹುಟ್ಟೂರು ಕಡಬದವರೆಗೆ ಕೇಳಿಸುವಂಥ ಗಂಟಲು ಅವರದು. ಇನ್ನೊಂದು ಮೂಲೆಯಲ್ಲಿ ಗಂಗಾಧರ ಇನ್ನೊಂದು ಫೋನು ಹಿಡಿದು, "ಸಾರ್, ಚಿತಾಗಾರದಲ್ಲಿ ಮಧ್ಯಾಹ್ನಕ್ಕೆ ಆಗುತ್ತಾ? ಇಲ್ಲೇ ಶೆಟ್ಟಿಹಳ್ಳಿ ಸಾರ್, ತುಂಬಾ ಹತ್ರ," ಎನ್ನುತ್ತಿದ್ದ. ಇಬ್ಬರ ನಡುವೆ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯಲ್ಲಿ, ತಿಪ್ಪಯ್ಯನವರ ತಮ್ಮನೂ ಗಂಗಾಧರನ ಅಪ್ಪನೂ ಆದ ಅಣ್ಣಯ್ಯಪ್ಪನವರು ಆರಾಮವಾಗಿ ಮಲಗಿದ್ದರು. ಹೊರಡುವುದು ಒಬ್ಬರೇ, ಟವಲ್ ಹಾಕಿ ಸೀಟು ಹಿಡಿಯುತ್ತಿದ್ದುದು ಎರಡು ಬಸ್ಸಿನಲ್ಲಿ.

ಪೆಟ್ಟಿಗೆಯ ತಲೆಯ ಹತ್ತಿರ ಕೂತಿದ್ದ ಹೆಂಡತಿ ಚಿಕ್ಕಗಂಗಮ್ಮ ಎರಡನ್ನೂ ಕೇಳಿಸಿಕೊಂಡರು. ಗಂಡ ಹಿಂದಿನ ಸಂಜೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ನರಳಾಟವಿಲ್ಲ, ಆಸ್ಪತ್ರೆಯ ಮೆಟ್ಟಿಲಿಲ್ಲ. ಎಪ್ಪತ್ತು ದಾಟಿದ ಜೀವಕ್ಕೆ ಇದಕ್ಕಿಂತ ಒಳ್ಳೆಯ ಸಾವು ಬೇಕೇ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅವರಿಗೂ ಹಾಗೇ ಅನ್ನಿಸಿತ್ತು. ಅತ್ತು ಅತ್ತು ಈಗ ಮನಸ್ಸು ತಿಳಿಯಾಗಿತ್ತು. ಆದರೆ ಈ ಎರಡು ಫೋನು ಕೇಳಿ ಒಳಗೆ ಚುರುಕ್ಕೆಂದಿತು. ಜೊತೆಯಲ್ಲಿ ಬಾಳಿದವಳು ಇಲ್ಲೇ ಕೂತಿದ್ದಾಳೆ, ಅವರನ್ನು ಎಲ್ಲಿಗೆ ಕಳಿಸೋಣ ಎಂದು ಅವಳನ್ನು ಒಬ್ಬರಾದರೂ ಕೇಳಬಾರದೇ?

"ಗಂಗಾಧರ, ಸುಡೋದು ಬೇಡ ಕಣಪ್ಪ," ಎಂದರು.

"ಅಮ್ಮ, ಅಲ್ಲಿ ಎಲ್ಲ ಸಲೀಸು. ಬಂದೋರಿಗೂ ಹತ್ರ. ಬೇಗ ಮುಗಿದೋಗುತ್ತೆ."

"ಅದಕ್ಕೇ ಬೇಡ ಅಂದಿದ್ದು. ನಿಮ್ಮಪ್ಪ ಯಾವತ್ತಾದ್ರೂ ಯಾವುದನ್ನಾದ್ರೂ ಬೇಗ ಮುಗಿಸಿದ್ರಾ? ನಂಗೆ ಆಮೇಲೆ ಹೋಗಿ ಒಂದು ಗಳಿಗೆ ಕೂತು ಬರೋಕೆ ಜಾಗ ಬೇಕು."

ತಿಪ್ಪಯ್ಯನವರ ಮುಖ ಅರಳಿತು. "ಕೇಳುದ್ಯಾ ಮಗ? ಹಂಗಾದ್ರೆ ಕಡಬಾನೇ ಸೈ."

"ಕಡಬಕ್ಕೂ ನಾನಿನ್ನೂ ಹೂಂ ಅಂದಿಲ್ಲ ಬಾವ. ಮೊದ್ಲು ಜಾಗ ನೋಡ್ತೀನಿ."

ಹೊರಗೆ ಶಾಮಿಯಾನದಡಿ ಬೀಡಿ ಸೇದುತ್ತಿದ್ದವರೂ ಬಾಗಿಲಲ್ಲಿ ಇಣುಕಿದರು.

"ಏನಂದೆ ಗಂಗಮ್ಮ? ಮನೇಲಿ ಹೆಣ ಇಟ್ಕಂಡು ಹೆಂಡ್ತಿಯಾದೋಳು ಗುಂಡಿ ನೋಡಕ್ಕೆ ಹೋಯ್ತಾಳಾ? ಗಂಡು ನೋಡಕ್ಕೆ ಹೋದಂಗೆ! ಕಂಡೋರು ಏನಂದಾರು?" ಎಂದರು ತಿಪ್ಪಯ್ಯ.

"ಏನಾದ್ರೂ ಅನ್ಲಿ. ಊರೋರಿಗೆಲ್ಲ ಜಾಗ ನೋಡಿದ್ರು ಅವ್ರು. ಅವ್ರಿಗೆ ಮಾತ್ರ ಯಾರೂ ನೋಡಬಾರ್ದಾ?"

*

ಅಣ್ಣಯ್ಯಪ್ಪನವರ ನೌಕರಿಯೇ ಜಾಗ ನೋಡುವುದಾಗಿತ್ತು. ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿನ ಗಾಲ್ಫ್ ಸಂಸ್ಥೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿ, ಸಂಜೆ ರೈಲಿಗೆ ವಾಪಸ್ಸು. ರಾಷ್ಟ್ರೀಯ ಟೂರ್ನಿಯನ್ನು ಯಾವ ಮೈದಾನದಲ್ಲಿ ನಡೆಸಬೇಕು ಎಂಬ ಪ್ರಶ್ನೆ ಬಂದಾಗ ನಾಲ್ಕಾರು ಕ್ಲಬ್ಬುಗಳು ನಮಗೆ ಕೊಡಿ, ನಮಗೆ ಕೊಡಿ ಎಂದು ಮುಗಿಬೀಳುತ್ತಿದ್ದವು. ತೀರ್ಮಾನ ಮಾಡುವ ದೊಡ್ಡವರು ಬರುವ ಮುಂಚೆ ಯಾರಾದರೊಬ್ಬರು ಹೋಗಿ ನೋಡಿ ಬರೆದು ಕೊಡಬೇಕು. ಆ ಒಬ್ಬರು ಇವರು. ಶೆಟ್ಟಿಹಳ್ಳಿಯ ಬೀದಿಯಲ್ಲಿ ಇವರನ್ನು ಭಾರಿ ಆಟಗಾರ ಎಂದೇ ಕೆಲವರು ತಿಳಿದಿದ್ದರು. ಜನ್ಮದಲ್ಲಿ ಆ ಕೋಲು ಮುಟ್ಟಿದವರಲ್ಲ. "ತಾವೇ ಚೆಂಡನ್ನ ಅಷ್ಟು ದೂರಕ್ಕೆ ಹೊಡೆಯೋದು, ತಾವೇ ಹುಡುಕ್ಕೊಂಡು ಹೋಗೋದು! ಇದಕ್ಕೊಂದು ಸಂಬಳ ನನಗೆ," ಎಂದು ಮನೆಯಲ್ಲಿ ನಗುತ್ತಿದ್ದರು.

ಶುರುವಿನಲ್ಲಿ ಅವರು ಜಾಗ ನೋಡುತ್ತಿದ್ದುದು ಕ್ಲಬ್ಬಿನ ಊಟದ ಮೇಜಿನಿಂದ. ಒಂದು ಕಡೆ ಬಾಳೆಎಲೆ ಹಾಕಿ ಬದನೆಕಾಯಿ ಸಾಂಬಾರು ಬಡಿಸಿದರು. ಇವರು ಬೆರಳು ಚೀಪಿಕೊಂಡು ಉಂಡು, ಎಲೆಯಡಿಕೆ ಹಾಕಿಕೊಂಡು, ಎಲ್ಲ ರೀತಿಯಲ್ಲೂ ಯೋಗ್ಯವಾದ ಮೈದಾನ ಎಂದು ಬರೆದುಕೊಟ್ಟು ಬಂದರು. ಟೂರ್ನಿಯ ನಡುವೆ ಒಂದು ಮಳೆ ಹುಯ್ಯಿತು ನೋಡಿ, ಮೈದಾನದ ಹಿಂಭಾಗವೆಲ್ಲ ಕೆರೆಯಾಯಿತು. ದೇಶದ ಮೂಲೆಮೂಲೆಯಿಂದ ಬಂದಿದ್ದ ಆಟಗಾರರು ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ಚೆಂಡು ತಡಕಿದರು. ಅಂದಿನಿಂದ ಕಚೇರಿಯಲ್ಲಿ ಅವರು ಸಾಂಬಾರ್ ಅಣ್ಣಯ್ಯಪ್ಪ. ಹೆಸರಿಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ, ತಪ್ಪು ತಮ್ಮದೇ ತಾನೇ. ಆದರೆ ಮತ್ತೆ ಯಾವ ಕ್ಲಬ್ಬಿನಲ್ಲೂ ಎಲೆಯ ಮುಂದೆ ಕೂರಲಿಲ್ಲ. ಚಿಕ್ಕಗಂಗಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು, ಮೈದಾನದ ಕಟ್ಟಕಡೆಯ ಮೂಲೆಗೆ ನಡೆದುಹೋಗಿ, ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಅಲ್ಲಿ ಅನ್ನ ನೆಮ್ಮದಿಯಾಗಿ ಗಂಟಲಲ್ಲಿ ಇಳಿದರೆ ಜಾಗ ಪಾಸು.

*

ಮಾತು ಬೆಳೆಯುವಷ್ಟರಲ್ಲಿ ಕುಣಿಗಲ್ ಕಡೆಯಿಂದ ಗುರುಪ್ರಕಾಶ್ ಹೂವಿನ ಹಾರ ಹಿಡಿದು ಒಳಗೆ ಬಂದರು. ಮಾರ್ಕೋನಹಳ್ಳಿ ಜಲಾಶಯದ ಹತ್ತಿರ ಒಂದು ಗಾಲ್ಫ್ ಮೈದಾನವಿದೆ, ಅದರ ಕಾರ್ಯದರ್ಶಿ. ಹಾರ ಹಾಕಿ ಕೈಮುಗಿದರು. ಓದಿದವರು ಸಿಕ್ಕಿದರಲ್ಲ ಎಂದು ತಿಪ್ಪಯ್ಯ ಅವರ ಮುಂದೆ ದೂರು ಇಟ್ಟರು.

"ನೀವೇ ಯೋಳಿ ಸ್ವಾಮಿ. ಈವಮ್ಮ ಹೋಗಿ ಜಾಗ ನೋಡ್ಬೇಕಂತೆ. ಇದೆಲ್ಲ ಹೆಂಗಸ್ರಿಗೆ ತಿಳಿಯೋ ವಿಷ್ಯಾನಾ?"

ಗುರುಪ್ರಕಾಶ್ ಚಿಕ್ಕಗಂಗಮ್ಮನ ಕಡೆ ನೋಡಿದರು. ಸಾವಿನ ಮನೆ ಎಂಬುದನ್ನೂ ಮರೆತು ಒಂದು ಸಣ್ಣ ನಗು ಬಂತು ಅವರಿಗೆ. "ಯಜಮಾನ್ರೆ, ಇವ್ರು ಜಾಗ ನೋಡಿದ್ದಕ್ಕೆ ನಾವು ಒಂದು ವರ್ಷ ಮುಖ ಊದಿಸ್ಕೊಂಡಿದ್ವಿ. ನಂಗೆ ಚೆನ್ನಾಗಿ ಗೊತ್ತು."

*

ಆ ಸಲ ರಾಷ್ಟ್ರೀಯ ಟೂರ್ನಿಗೆ ಮಾರ್ಕೋನಹಳ್ಳಿಯ ಹೊಸ ಮೈದಾನವೂ ಅರ್ಜಿ ಹಾಕಿತ್ತು. ನೋಡಲು ಹೋಗುವವರು ನಮ್ಮ ಜಿಲ್ಲೆಯವರೇ, ಇನ್ನೇನು ಟೂರ್ನಿ ಜೇಬಿನಲ್ಲಿದೆ ಎಂದು ಕ್ಲಬ್ಬಿನವರು ಬೀಗುತ್ತಿದ್ದರು. ಕುಣಿಗಲ್‌ನ ನೆಂಟರ ಮನೆಯಲ್ಲಿ ನಾಮಕರಣವಿದ್ದುದರಿಂದ ಚಿಕ್ಕಗಂಗಮ್ಮನೂ ಅದೇ ಕಾರಿನಲ್ಲಿ ಹೊರಟರು. ಗಂಡನ ಕೆಲಸವನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಗಂಡನ ಹಿಂದೆ ಆ ಹುಲ್ಲಿನಲ್ಲಿ ನಡೆದೇ ನಡೆದರು. ದೂರದಲ್ಲಿ ನೀರು ಮಿನುಗುತ್ತಿತ್ತು. ಕಡೆಯ ಮೂಲೆಯಲ್ಲಿ ಒಂದಷ್ಟು ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಸುಡುವ ಬಿಸಿಲಲ್ಲಿ ಕಳೆ ಕೀಳುತ್ತಿದ್ದರು. ಅಣ್ಣಯ್ಯಪ್ಪ ಡಬ್ಬಿ ಬಿಚ್ಚಿ ಚಿತ್ರಾನ್ನದ ಒಂದು ಪಾಲು ಹೆಂಡತಿಗೆ ಕೊಟ್ಟು ಕೇಳಿದರು: "ಹೆಂಗನ್ಸುತ್ತೆ ಹೇಳೇ."

"ಕಣ್ಣಿಗೆ ಹಬ್ಬ ಕಣ್ರೀ. ಆದ್ರೆ ನಂಗೆ ಆಗ್ಲಿಂದ ಒಂದಕ್ಕೆ ಅವಸರ ಆಗಿದೆ, ಎಲ್ಲಿಗೋಗ್ಲಿ? ವಾಪಸ್ಸು ಆ ದೊಡ್ಡ ಕಟ್ಟಡಕ್ಕೆ ನಡೀಬೇಕು. ನಾನಾದ್ರೆ ಇವತ್ತು ಒಂದಿನ. ಈ ಹೆಂಗಸ್ರು ದಿನಾ ಏನ್ಮಾಡ್ತಾರೆ? ಕೂರಕ್ಕೊಂದು ನೆಳ್ಳೂ ಇಲ್ಲ."

ಅಣ್ಣಯ್ಯಪ್ಪ ಡಬ್ಬಿ ಮುಚ್ಚಿಟ್ಟು ಕಳೆ ಕೀಳುವವರ ಕಡೆ ನೋಡಿದರು. ಆ ವರ್ಷ ಟೂರ್ನಿ ಬೇರೆ ಊರಿಗೆ ಹೋಯಿತು. "ನಮ್ಮೋರೇ ನಮಗೆ ಕಲ್ಲು ಹಾಕಿದ್ರಲ್ಲ ಸಾರ್," ಎಂದು ಗುರುಪ್ರಕಾಶ್ ಫೋನಿನಲ್ಲಿ ಕೂಗಾಡಿದ್ದು ಅಡಿಗೆಮನೆಗೂ ಕೇಳಿಸಿತ್ತು. ಮಾರನೆಯ ವರ್ಷ ಆ ಮೂಲೆಯಲ್ಲಿ ಶೌಚಾಲಯ ಎದ್ದಿತ್ತು, ಹೆಂಚಿನ ಮಾಡೊಂದು ಬಂದಿತ್ತು, ಹೊಂಗೆ ಸಸಿಗಳು ಎದೆಯುದ್ದ ಬೆಳೆದಿದ್ದವು. ಟೂರ್ನಿಯೂ ಬಂತು.

*

"ಅಮ್ಮ, ನಿಮಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ," ಎಂದು ಗುರುಪ್ರಕಾಶ್ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತರು. "ನಮಗೆ ಕೊಡಬಾರ್ದು ಅಂತ ತೀರ್ಮಾನ ಆದ ಮೀಟಿಂಗಲ್ಲಿ ನಾನೂ ಇದ್ದೆ. ಹುಲ್ಲು ಸರಿ, ನೀರು ಸರಿ, ಈ ಶೌಚಾಲಯದ ಮಾತು ಯಾರದ್ರೀ ಅಂತ ಅಧ್ಯಕ್ಷರು ಕೇಳಿದ್ರು. ಸಾರ್ ಎದ್ದು ನಿಂತು, ನಮ್ಮ ಮನೆಯೋರ್ದು ಸಾರ್, ಅವ್ರು ಹೇಳೋವರೆಗೂ ನಂಗೂ ಹೊಳೆದಿರ್ಲಿಲ್ಲ ಅಂದ್ರು. ಎಲ್ಲಾ ಬಿದ್ದೂ ಬಿದ್ದೂ ನಕ್ಕರು. ನಾನೂ ನಕ್ಕೆ. ಸಾರ್ ಮಾತ್ರ ನಗ್ಲಿಲ್ಲ. ಅವ್ರ ಮಾತು ಬರ್ಕೊಳ್ಳೋವರೆಗೂ ಕೂರಲ್ಲ ಅಂತ ನಿಂತೇ ಇದ್ರು."

ಚಿಕ್ಕಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ತಿಂಡಿಗೆ ಉಪ್ಪು ಕಮ್ಮಿ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ ಮನುಷ್ಯ, ಇಷ್ಟು ದೊಡ್ಡ ಮಾತನ್ನು ಮನೆಗೆ ಬಂದು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು, "ನೋಡಿ ಇವ್ರ ಬುದ್ಧೀನ," ಎಂದು ಅಳುತ್ತಲೇ ನಕ್ಕರು. ಆ ಗಳಿಗೆಯಲ್ಲಿ ಅವರಷ್ಟು ಸುಖಿ ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಗಂಗಾಧರ ಫೋನನ್ನು ಜೇಬಿಗಿಳಿಸಿದ. "ದೊಡ್ಡಪ್ಪ, ಕಡಬಕ್ಕೇ ಹೊರಡೋಣ. ಅಮ್ಮ ನೋಡಿ ಹೂಂ ಅಂದ ಮೇಲೆ ಮಿಕ್ಕಿದ್ದು."

"ನೋಡ್ಲಿ ಬುಡು," ಎಂದರು ತಿಪ್ಪಯ್ಯ. "ಗುಂಡೀಲಿ ನೋಡಕ್ಕೇನೈತೆ, ಸಿನಿಮಾನಾ?"

*

ಕಡಬದ ಹಳೆಯ ಮನೆಯ ಮುಂದೆ ಊರವರ ದರ್ಶನಕ್ಕೆಂದು ದೇಹ ಇಳಿಸಿದರು. ತಮಟೆಯವರು ಶುರು ಮಾಡಿದರು. ಚಿಕ್ಕಗಂಗಮ್ಮ ಸೊಸೆ ಪ್ರಮೀಳಾಳ ಕೈ ಹಿಡಿದು, ತಿಪ್ಪಯ್ಯನವರ ಹಿಂದೆ ಕೆರೆಯ ಕೆಳಗಿನ ತೋಟಕ್ಕೆ ನಡೆದರು. ಈ ಸಲ ಮಳೆ ಚೆನ್ನಾಗಿತ್ತು, ಕೆರೆ ತುಂಬಿತ್ತು. ತೆಂಗಿನ ಸಾಲಿನ ನಡುವೆ ಇಬ್ಬರು ಆಳುಗಳು ಗುದ್ದಲಿ ಊರಿಕೊಂಡು ಸುಮ್ಮನೆ ನಿಂತಿದ್ದರು.

"ಯಾಕ್ರಲಾ ನಿಂತಿದೀರ?"

"ನೀವೇ ನೋಡಿ ಯಜಮಾನ್ರೆ."

ಸೊಂಟದಾಳಕ್ಕೆ ತೆಗೆದ ಗುಂಡಿಯ ತಳದಲ್ಲಿ ನೀರು ಜಿನುಗಿ ನಿಂತಿತ್ತು. ಪಕ್ಕದಲ್ಲೇ ಮಾವನವರ ಸಮಾಧಿಯ ಗುಡ್ಡೆ ಒಂದು ಕಡೆ ಕುಸಿದು ಜೊಂಡು ಬೆಳೆದಿತ್ತು. ಚಿಕ್ಕಗಂಗಮ್ಮ ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿದರು. ಬೆರಳ ಸಂದಿಯಲ್ಲಿ ನೀರು ಇಳಿಯಿತು.

"ಇಲ್ಲಿ ಬೇಡ ಬಾವ."

"ತೋಡಿದ ಗುಂಡಿ ಖಾಲಿ ಬುಡಬಾರ್ದು ಗಂಗಮ್ಮ. ಇನ್ನೊಬ್ಬರನ್ನ ಕೇಳ್ತದೆ ಅಂತಾರೆ."

"ಒಂದು ಬಾಳೆದಿಂಡು ಮಲಗಿಸಿ ಮುಚ್ಚಿಸಿ. ಹಿಂದೆ ಯಾರೋ ಹಂಗೇ ಮಾಡಿದ್ರಲ್ಲ." ಅವರು ತಲೆಯೆತ್ತಿ ದಿಬ್ಬದ ಕಡೆ ನೋಡಿದರು. ಅಲ್ಲಿ ರಾಗಿ ಹೊಲದ ಅಂಚಿಗೆ ಒಂದು ಬೇವಿನ ಮರವಿತ್ತು. "ಮೇಲಿನ ಹೊಲದಲ್ಲಿ ಕೊಡಿ."

ಪ್ರಮೀಳಾ ಅತ್ತೆಯ ಕೈ ಒತ್ತಿದಳು. ಮೇಲಿನ ಹೊಲ ತಿಪ್ಪಯ್ಯನವರ ಪಾಲು. ಅಣ್ಣತಮ್ಮಂದಿರು ಭಾಗವಾದಾಗ ಅಣ್ಣ ಕೈ ತೋರಿಸಿದ್ದನ್ನು ಅಣ್ಣನಿಗೇ ಬಿಟ್ಟು, ಅಣ್ಣಯ್ಯಪ್ಪ ಕೆರೆಯ ಕೆಳಗಿನ ಈ ತೋಟ ತೆಗೆದುಕೊಂಡಿದ್ದರು. ಹೊಲದಲ್ಲಿ ಸಮಾಧಿ ಬಿದ್ದರೆ ಆ ಹೊಲವನ್ನು ಮಾರುವಂತಿಲ್ಲ, ಅಲ್ಲಿ ನೇಗಿಲು ಹಾಯಿಸುವಂತಿಲ್ಲ. ಇನ್ನೊಬ್ಬರ ಪಾಲಿನಲ್ಲಿ ಹೆಣಕ್ಕೆ ಜಾಗ ಕೇಳುವುದು ಆ ಕಡೆ ಯಾರೂ ಮಾಡುವ ಕೆಲಸವಲ್ಲ. ಇಲ್ಲ ಎಂದರೆ ಇದೇ ನೀರಿನೊಳಗೆ ಗಂಡನನ್ನು ಇಳಿಸಬೇಕು. ಚಿಕ್ಕಗಂಗಮ್ಮ ಕಣ್ಣು ತೆಗೆಯದೆ ಬಾವನನ್ನೇ ನೋಡಿದರು.

ತಿಪ್ಪಯ್ಯ ಗುಂಡಿಯೊಳಗಿನ ನೀರು ನೋಡಿದರು. ಅಪ್ಪನ ಗುಡ್ಡೆ ನೋಡಿದರು. ಗಂಟಲು ಎಲ್ಲಿ ಹೋಯಿತೋ, ಮಾತು ಪಿಸುಗುಟ್ಟಿದ ಹಾಗೆ ಹೊರಟಿತು.

"ದೇಶಕ್ಕೆಲ್ಲಾ ಜಾಗ ನೋಡ್ಕೊಟ್ಟ ನನ್ ತಮ್ಮ. ನನ್ನ ಒಂದು ಗೇಣು ಕೇಳ್ಲಿಲ್ಲ. ಕೇಳಿದ್ರೆ ಕೊಡ್ತಿರ್ನಿಲ್ಲ ಅಂತ ಅವ್ನಿಗೆ ಗೊತ್ತಿತ್ತು ಕಣವ್ವ."

ಅಷ್ಟು ಹೇಳಿ ಯಾರಿಗೂ ಕಾಯದೆ ದಿಬ್ಬ ಹತ್ತತೊಡಗಿದರು. ಆಳುಗಳು ಗುದ್ದಲಿ ಹೆಗಲಿಗೇರಿಸಿ ಹಿಂದೆ ಓಡಿದರು. ಅತ್ತೆ ಸೊಸೆ ಏದುಸಿರು ಬಿಡುತ್ತ ಮೇಲೆ ಬಂದಾಗ, ತಿಪ್ಪಯ್ಯ ಬೇವಿನ ಬುಡದ ಹತ್ತಿರ ಕಾಲಿನಿಂದ ಕಲ್ಲುಗಳನ್ನು ತಳ್ಳುತ್ತಿದ್ದರು. ಗಾಳಿ ಹಿತವಾಗಿತ್ತು. ಅಲ್ಲಿಂದ ಕೆರೆಯೂ ಕಾಣುತ್ತಿತ್ತು, ಊರೂ ಕಾಣುತ್ತಿತ್ತು.

"ಇಲ್ಲಾದೀತಾ ಗಂಗಮ್ಮ?"

ಚಿಕ್ಕಗಂಗಮ್ಮ ಕೆಳಗೆ ಕೂತರು. ನೆಲವನ್ನು ಅಂಗೈಯಿಂದ ಸವರಿದರು. "ಹೂಂ ಬಾವ. ಒಣಗಿದೆ. ಇಲ್ಲಿ ಚೆನ್ನಾಗಿದೆ."

"ತಾಳು, ನಾನೂ ನೋಡ್ತೀನಿ," ಎಂದವರೇ ತಿಪ್ಪಯ್ಯ, ಬಿಳೀ ಪಂಚೆ ಮಣ್ಣಾದೀತೆಂಬುದನ್ನೂ ಎಣಿಸದೆ, ನೆಲದ ಮೇಲೆ ಅಂಗಾತ ಮಲಗಿಬಿಟ್ಟರು.

ಆಳುಗಳು ಹೌಹಾರಿದರು. "ಅಯ್ಯೋ ದೊಡ್ಡಮಾವ, ಏನಿದು, ಏಳಿ!" ಎಂದು ಪ್ರಮೀಳಾ ಬಗ್ಗಿದಳು.

"ಸುಮ್ಕಿರವ್ವ." ಅವರು ಬೆನ್ನನ್ನು ಅತ್ತಿತ್ತ ಆಡಿಸಿ ಹದ ನೋಡಿದರು. ಆಮೇಲೆ ಒಂದಷ್ಟು ಈ ಕಡೆಗೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದರು. "ಇದು ನನ್ ತಮ್ಮಂಗೆ. ಇಲ್ಲಿ ತೆಗೀರ್ಲಾ. ನಾನಿರೋ ಈ ಮಗ್ಗುಲು ಮುಟ್ಟಬ್ಯಾಡಿ, ಇದು ನಂದು."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗುದ್ದಲಿ ಎತ್ತಿದರು. ಕೆಂಪು ಮಣ್ಣು ಒಣಒಣವಾಗಿ ಎದ್ದು ಪಕ್ಕಕ್ಕೆ ಬೀಳತೊಡಗಿತು. ತಿಪ್ಪಯ್ಯ ಏಳಲಿಲ್ಲ. ಒಂದು ತೋಳನ್ನು ತಲೆಯಡಿಗೆ ಮಡಚಿಕೊಂಡು, ಮೈಮೇಲೆ ಸಿಡಿದ ಮಣ್ಣನ್ನೂ ಕೊಡವದೆ, ಬೇವಿನ ಎಲೆಗಳನ್ನು ನೋಡುತ್ತ ಮಲಗೇ ಇದ್ದರು.